ದೊಡ್ಡ ನಾಯಿಗೆ ಬಾಯಿಕುಕ್ಕೆ ರೂಢಿ ಮಾಡಿಸುವುದು ಹೇಗೆ?

ಹೋದ ಬೇಸಿಗೆಯಲ್ಲಿ ಕುವೆಂಪುನಗರದ ನಮ್ಮ ಬೀದಿಯ ಹುಡುಗನೊಬ್ಬ ತನ್ನ ರಾಟ್‌ವೈಲರ್ ನಾಯಿಗೆ ಮಝಲ್, ಅಂದರೆ ಕಚ್ಚದಂತೆ ಮೂತಿಗೆ ಹಾಕುವ ಬಾಯಿಕುಕ್ಕೆ, ಹಾಕಲು ಹೊರಟ. ಅಂಗಡಿಯಿಂದ ಆಗಷ್ಟೇ ತಂದಿದ್ದ. ನಾಯಿಯ ಕತ್ತನ್ನು ಮಂಡಿಯಲ್ಲಿ ಒತ್ತಿ ಹಿಡಿದು ಬಿಗಿದ. ಅದು ಕಾಂಪೌಂಡ್ ಗೋಡೆಗೆ ಮೂತಿ ಉಜ್ಜಿ ಉಜ್ಜಿ ಮೂಗಿನ ಮೇಲೆ ರಕ್ತ ಬರಿಸಿಕೊಂಡಿತು. ಮಾರನೇ ದಿನದಿಂದ ಮಝಲ್ ಕಂಡರೆ ಮಂಚದ ಕೆಳಗೆ ಸೇರುತ್ತಿತ್ತಂತೆ. ಈಗ ಬರಿಬಾಯಲ್ಲೇ ವಾಕಿಂಗ್ ಬರುತ್ತದೆ, ಎದುರಿಗೆ ಸಿಕ್ಕವರಿಗೆ ಅವನು "ಏನೂ ಮಾಡಲ್ಲ ಬನ್ನಿ ಆಂಟಿ" ಅನ್ನುತ್ತಾನೆ. ಇಂಥ ನಾಲ್ಕೈದು ಮನೆ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳ ಆಮದು, ಸಂತಾನಾಭಿವೃದ್ಧಿ, ಮಾರಾಟ ನಿಲ್ಲಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ತಳಿಯ ಹೆಸರು ನೋಡಿ ನಿಷೇಧಿಸುವುದು ನನಗೂ ಒಪ್ಪಿಗೆಯಿಲ್ಲ. ಆದರೆ "ಕೋರ್ಟೇ ಬಿಟ್ಟಿದೆಯಲ್ಲ" ಎಂದು ಎದೆಯುಬ್ಬಿಸುವವರು ಒಂದು ತಿಳಿಯಬೇಕು: ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ತಳಿ ಕೇಳುವುದಿಲ್ಲ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬೀದಿನಾಯಿ ಕಚ್ಚುವುದಿಲ್ಲವೇ ಎಂದು ಕೇಳುತ್ತಾರೆ. ಕಚ್ಚುತ್ತದೆ. ಆದರೆ 50 ಕೆ.ಜಿ. ತೂಗುವ ಗಂಡು ರಾಟ್‌ವೈಲರ್ ಒಂದು ಮಗುವನ್ನು ಹಿಡಿದರೆ ಬಿಡಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

1. ಕೊಳ್ಳುವುದು. ಒಕ್ಕಣೆ ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ಮಂಡ್ಯ ಕಡೆಯವರಿಗೆ ಗೊತ್ತು. ಎತ್ತು ಧಾರಾಳವಾಗಿ ಉಸಿರಾಡುತ್ತದೆ, ತೆನೆಗೆ ಮಾತ್ರ ಬಾಯಿ ಹಾಕಲಾರದು. ನಾಯಿಗೂ ಬೇಕಾದದ್ದು ಅಂಥದೇ ಬುಟ್ಟಿಯಾಕಾರದ್ದು. ಮೂತಿಯನ್ನು ಬಿಗಿದು ಬಾಯಿ ಮುಚ್ಚಿಸುವ ನೈಲಾನ್ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ಅದನ್ನು ವಾಕಿಂಗ್‌ಗೆ ಖಂಡಿತ ಹಾಕಬೇಡಿ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಬಾಯಿ ತೆರೆಯಲಾಗದ ನಾಯಿ ಏಪ್ರಿಲ್ ಬಿಸಿಲಲ್ಲಿ ಬೇಗ ಕುಸಿದು ಬೀಳುತ್ತದೆ. ತಂತಿಯ ಬುಟ್ಟಿ ಕೊಂಡರೆ ಮೂಗಿನ ಮೇಲೆ ಮೆತ್ತೆ ಇದೆಯೇ ನೋಡಿ. ನನ್ನ ಆಯ್ಕೆ ಮೆತ್ತಗಿನ ರಬ್ಬರಿನದು.

ನಾಯಿ ಬಾಯಿ ತುಸು ತೆರೆದಿರುವಾಗ, ಕಣ್ಣಿಗಿಂತ ಒಂದು ಬೆರಳು ಕೆಳಗೆ ಮೂತಿಯ ಸುತ್ತಳತೆ ತೆಗೆಯಿರಿ. ಹಾಕಿದ ಮೇಲೂ ಅದು ನಾಲಿಗೆ ಚಾಚಿ ತೇಕಬೇಕು, ನೀರು ಕುಡಿಯಬೇಕು. ಆಗದಿದ್ದರೆ ವಾಪಸ್ ಕೊಡಿ.

2. ರೂಢಿ. ಎಲ್ಲರೂ ಎಡವುವುದು ಇಲ್ಲೇ. ಕನಿಷ್ಠ ಎರಡು ವಾರ ಇಟ್ಟುಕೊಳ್ಳಿ.

ಮೊದಲ ಎರಡು ದಿನ ಕುಕ್ಕೆಯನ್ನು ನಾಯಿಯ ಮುಖಕ್ಕೆ ತರಲೇಬೇಡಿ. ಊಟದ ತಟ್ಟೆಯ ಪಕ್ಕ ನೆಲದ ಮೇಲೆ ಇಡಿ. ಅದು ಬಂದು ಮೂಸಿದಾಗಲೆಲ್ಲ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ ಲಿವರ್‌ನ ಚೂರು ಕೊಡಿ. ಬಿಸ್ಕತ್ತು ಸಾಲದು. ಬೇರೆ ಹೊತ್ತಿನಲ್ಲಿ ಸಿಗದ ತಿನಿಸೇ ಆಗಬೇಕು.

ಮೂರನೇ ದಿನದಿಂದ ಕುಕ್ಕೆಯನ್ನು ಬಟ್ಟಲಿನಂತೆ ಕೈಯಲ್ಲಿ ಹಿಡಿದು, ಒಳಗಡೆ ತಳಕ್ಕೆ ಗಟ್ಟಿ ಮೊಸರು ಸವರಿ. ನಾಯಿ ತಾನೇ ಮೂತಿ ತೂರಿಸಿ ನೆಕ್ಕಲಿ. ನೀವು ಕುಕ್ಕೆಯನ್ನು ಮುಂದಕ್ಕೆ ತಳ್ಳಬಾರದು, ಒಂದು ಅಂಗುಲವೂ. ಇಡೀ ಅಭ್ಯಾಸದ ಗುಟ್ಟು ಇದೇ. ಮೂತಿ ಕುಕ್ಕೆಯ ಕಡೆ ಬರಬೇಕು, ಕುಕ್ಕೆ ಮೂತಿಯ ಕಡೆ ಹೋಗಬಾರದು. ಹಿಂದೆ ಸರಿದರೆ ಬಿಡಿ, ಕರೆಯಬೇಡಿ, ಗದರಬೇಡಿ. ದಿನಕ್ಕೆ ಮೂರು ಸಲ, ಸಲಕ್ಕೆ ಎರಡು ನಿಮಿಷ ಸಾಕು.

ಕುಕ್ಕೆ ಎತ್ತಿದೊಡನೆ ಬಾಲ ಆಡಿಸಿಕೊಂಡು ಓಡಿ ಬರುವಂತಾದ ಮೇಲೆ ಪಟ್ಟಿಗೆ ಕೈ ಹಾಕಿ. ಮೊದಲು ಕಿವಿಯ ಹಿಂದೆ ಪಟ್ಟಿ ತಾಗಿಸಿ ತೆಗೆಯಿರಿ. ಆಮೇಲೆ ಬಕಲ್ ಹಾಕಿ ಕೂಡಲೇ ಬಿಚ್ಚಿ. ಆಮೇಲೆ ಐದು ಸೆಕೆಂಡ್, ಹತ್ತು, ಅರ್ಧ ನಿಮಿಷ. ಅಷ್ಟೂ ಹೊತ್ತು ಕಂಡಿಯೊಳಗಿಂದ ಲಿವರ್ ಚೂರು ಹೋಗುತ್ತಲೇ ಇರಲಿ. ಪಂಜದಿಂದ ಕೆರೆಯತೊಡಗಿದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ಒಂದು ತಿನಿಸು ತೋರಿಸಿ ಗಮನ ಬೇರೆಡೆ ಸೆಳೆದು, ಸುಮ್ಮನಾದ ಗಳಿಗೆಯಲ್ಲಿ ಬಿಚ್ಚಿ, ನಾಳೆ ಎರಡು ದಿನದ ಹಿಂದಿನ ಹಂತದಿಂದ ಶುರುಮಾಡಿ. ಮನೆಯವರೆಲ್ಲ ಹೀಗೇ ಮಾಡಬೇಕು. ಅಮ್ಮ ಮೊಸರು ಸವರಿ ಕಲಿಸಿದ್ದನ್ನು ಮಗ ಒಂದೇ ಸಂಜೆ ಬಲವಂತ ಮಾಡಿ ಕೆಡಿಸಿದ್ದನ್ನು ನಾನೇ ಕಂಡಿದ್ದೇನೆ.

3. ಹೊರಗೆ. ಮೊದಲು ಹಿತ್ತಲಲ್ಲಿ ಐದು ನಿಮಿಷ, ಆಮೇಲೆ ಬೆಳಗಿನ ಆರರೊಳಗೆ ಖಾಲಿ ಬೀದಿಯಲ್ಲಿ. ಪಟ್ಟಿಯ ಕೆಳಗೆ ಒಂದು ಬೆರಳು ತೂರಬೇಕು, ಎರಡು ತೂರಿದರೆ ಸಡಿಲ. ಕುಕ್ಕೆ ಇದ್ದರೂ ಹಗ್ಗ ಬೇಕೇ ಬೇಕು, ಓಡಿ ಬಂದು ಗುದ್ದಿದರೆ ಮುದುಕರ ಮೂಳೆ ಮುರಿಯುತ್ತದೆ. ಉದ್ದ ಬಿಚ್ಚಿಕೊಳ್ಳುವ ಬಳ್ಳಿಯಂಥ ಲೀಶ್ ಬೇಡ, ನಾಲ್ಕೈದು ಅಡಿಯ ಗಟ್ಟಿ ಹಗ್ಗ ಸಾಕು. ನಾಯಿಯನ್ನು ಎಳೆದು ನಿಲ್ಲಿಸುವ ಕಸುವಿಲ್ಲದ ಮಕ್ಕಳ ಕೈಗೆ ಕೊಡಬೇಡಿ.

4. ಉಳಿದದ್ದು. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಿಸಬೇಡಿ. ಕಚ್ಚಿಬಿಟ್ಟರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಬೊಗಳುವುದನ್ನು ನಿಲ್ಲಿಸಲು, ಶಿಕ್ಷೆ ಕೊಡಲು ಕುಕ್ಕೆ ಹಾಕಬಾರದು. ಕುಕ್ಕೆ ಹಾಕಿ ನಾಯಿಯನ್ನು ಒಂಟಿಯಾಗಿ ಬಿಡಲೂಬಾರದು, ಗೇಟಿಗೋ ಗಿಡಕ್ಕೋ ಸಿಕ್ಕಿಕೊಳ್ಳುತ್ತದೆ. ವಾಕಿಂಗ್ ಮುಗಿದ ಮೇಲೆ ಬಿಚ್ಚಿ, ಮೂಗಿನ ಮೇಲೆ ಕೂದಲು ಸವೆದಿದೆಯೇ ಬೆರಳಾಡಿಸಿ ನೋಡಿ, ಕುಕ್ಕೆಯನ್ನು ತೊಳೆದು ಲೀಶ್ ನೇತುಹಾಕುವ ಮೊಳೆಗೇ ತೂಗುಹಾಕಿ. ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಂಡರೆ ಹೊರಗೆ ಹೋಗುವುದೆಂದು ನಾಯಿಗೆ ಬೇಗ ಗೊತ್ತಾಗುತ್ತದೆ.