ಗುಡ್ಡದ ಕಾಡಿನಲ್ಲಿ ಡಿಸ್ಕ್ ಗಾಲ್ಫ್: ಹೊಸದಾಗಿ ಬಂದವರಿಗೆ ಒಂದಿಷ್ಟು ಮಾತು

ಪಾರ್ಕಿನಲ್ಲಿ ವಾಕಿಂಗ್ ಹೋದಾಗ ಮರಗಳ ನಡುವೆ ಒಂದು ಕಬ್ಬಿಣದ ಕಂಬ ನೋಡಿರುತ್ತೀರಿ. ಮೇಲಿನಿಂದ ಸುತ್ತಲೂ ಸರಪಳಿ ಇಳಿಬಿಟ್ಟಿರುತ್ತಾರೆ, ಕೆಳಗೆ ಒಂದು ಬುಟ್ಟಿ. ಅಮೆರಿಕಕ್ಕೆ ಬಂದ ಮೊದಲ ವರ್ಷ ನಾನು ಅದನ್ನು ವಾರಕ್ಕೆರಡು ಸಲ ನೋಡುತ್ತಿದ್ದೆ, ಏನು ಅಂತ ಯಾರನ್ನೂ ಕೇಳಿರಲಿಲ್ಲ. ಒಂದು ಶನಿವಾರ ಬೆನ್ನಿಗೆ ಚೀಲ ಹಾಕಿಕೊಂಡಿದ್ದ ವಯಸ್ಸಾದವರೊಬ್ಬರು ನಾನು ನಿಂತು ನೋಡುತ್ತಿದ್ದದ್ದನ್ನು ಕಂಡರು. ಕೈಗೊಂದು ಡಿಸ್ಕ್, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಬಿಲ್ಲೆ, ಕೊಟ್ಟು, ಎಸೆದು ನೋಡಿ ಅಂದರು. ಹತ್ತು ಹೆಜ್ಜೆ ದೂರದಿಂದ ಎಸೆದೆ. ಸರಪಳಿಗೆ ಬಡಿದು, ಝಲ್ ಅಂತ ಸದ್ದು ಮಾಡಿ ಬುಟ್ಟಿಗೆ ಬಿತ್ತು. ಆ ಸದ್ದಿಗಾಗಿಯೇ 11 ವರ್ಷಗಳಿಂದ ಆಡುತ್ತಿದ್ದೇನೆ.

ಈಗ ತಾನೇ ಬಂದಿರುವ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮನೆ ಹತ್ತಿರದ ಪಾರ್ಕಿನಲ್ಲಿರುವುದು ಗುಡ್ಡ, ಕಾಡಿನ ಕೋರ್ಸ್, ಅಂದರೆ ಆಟದ ಅಂಗಳ, ಆಗಿದ್ದರೆ. ಬಯಲಿನ ಕೋರ್ಸಿನಲ್ಲಿ ಯಾರು ಬೇಕಾದರೂ ತಾವಾಗಿಯೇ ಕಲಿಯಬಹುದು. ಕಾಡಿನ ಕೋರ್ಸು ಹಾಗಲ್ಲ. ಮೊದಲ ದಿನವೇ ಎರಡು ಡಿಸ್ಕ್ ಕಳೆದುಕೊಂಡು, ಕಾಲು ಕೆರೆದುಕೊಂಡು, ಇದು ನಮಗಲ್ಲ ಅಂತ ಬಿಟ್ಟವರು ನನಗೆ ಗೊತ್ತು. ಅವರಿಗೆ ಯಾರಾದರೂ ಮೊದಲೇ ನಾಲ್ಕು ಮಾತು ಹೇಳಬೇಕಿತ್ತು.

ಆಟ ಸುಲಭ. ಟೀ ಪ್ಯಾಡ್ ಅನ್ನುವ ಚಿಕ್ಕ ಕಟ್ಟೆಯಿಂದ ಎಸೆಯಬೇಕು. ಡಿಸ್ಕ್ ಬಿದ್ದ ಜಾಗದಿಂದ ಮತ್ತೆ ಎಸೆಯಬೇಕು, ಬುಟ್ಟಿಗೆ ಬೀಳುವ ತನಕ. ಎಷ್ಟು ಕಡಿಮೆ ಎಸೆತವೋ ಅಷ್ಟು ಒಳ್ಳೆಯದು. ಒಂದು ಟೀಯಿಂದ ಅದರ ಬುಟ್ಟಿಯ ತನಕ ಒಂದು ಹೋಲ್. ಸಾಮಾನ್ಯವಾಗಿ 18 ಹೋಲ್ ಇರುತ್ತವೆ, 9 ಇರುವ ಚಿಕ್ಕವೂ ಇವೆ. ಹೆಚ್ಚಿನ ಹೋಲ್‌ಗಳ ಪಾರ್ 3, ಅಂದರೆ ಮೂರು ಎಸೆತಕ್ಕೆ ಮುಗಿಸಬೇಕು ಅನ್ನುವ ಲೆಕ್ಕ. ಪಬ್ಲಿಕ್ ಪಾರ್ಕಿನ ಕೋರ್ಸುಗಳಲ್ಲಿ ಹೆಚ್ಚಿನವು ಉಚಿತ, ಬುಕ್ಕಿಂಗ್ ಬೇಡ, ಸದಸ್ಯತ್ವ ಬೇಡ. ಹುಲ್ಲು ಕತ್ತರಿಸಿ, ಸಮವಸ್ತ್ರದಂತೆ ಬಟ್ಟೆ ಹಾಕಿ ಆಡುವ ಆ ಗಾಲ್ಫ್ ಬೇರೆ, ಇದು ಬೇರೆ. ಯುಡಿಸ್ಕ್ ಅನ್ನುವ ಆ್ಯಪ್ ಹಾಕಿಕೊಂಡರೆ ಹತ್ತಿರದ ಕೋರ್ಸ್ ಎಲ್ಲಿದೆ, ಮುಂದಿನ ಟೀ ಯಾವ ಕಡೆ ಅಂತ ನಕ್ಷೆಯಲ್ಲೇ ಸಿಗುತ್ತದೆ. ಕಾಡಿನಲ್ಲಿ ಇದು ಬಹಳ ಮುಖ್ಯ. ಐದನೇ ಬುಟ್ಟಿಯಿಂದ ಆರನೇ ಟೀಗೆ ಹೋಗುವ ಕಾಲುದಾರಿ ತಪ್ಪಿ ಹನ್ನೊಂದಕ್ಕೆ ಹೋಗಿ ನಿಲ್ಲುವುದು ಎಲ್ಲರಿಗೂ ಆಗುತ್ತದೆ.

ಈ ಸರಪಳಿ ಬುಟ್ಟಿಯನ್ನು ಮಾಡಿದವರು ಎಡ್ ಹೆಡ್ರಿಕ್. ಫ್ರಿಸ್ಬಿ ನೆಟ್ಟಗೆ ಹಾರುವಂತೆ ಅದರ ರೂಪ ತಿದ್ದಿದವರೂ ಅವರೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಅವರು ಮೊದಲ ಕಾಯಂ ಕೋರ್ಸ್ ಹಾಕಿದರು. ಆಗ ಬುಟ್ಟಿ ಇರಲಿಲ್ಲ, ನೆಟ್ಟ ಕಂಬಕ್ಕೆ ತಾಗಿಸಬೇಕಿತ್ತು. ತಾಗಿತೋ ಇಲ್ಲವೋ ಅನ್ನುವ ಜಗಳ ನಿಲ್ಲಲಿ ಅಂತಲೇ ಸರಪಳಿ ಬಂತು. 1976ರಲ್ಲಿ ಆಟಗಾರರ ಸಂಘ ಪಿಡಿಜಿಎ ಕಟ್ಟಿದರು. 2002ರಲ್ಲಿ ತೀರಿಕೊಂಡಾಗ, ಅವರ ಆಸೆಯಂತೆ, ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ತಾನು ಕಟ್ಟಿದ ಆಟದ ಮೇಲೆ ಅಷ್ಟು ಪ್ರೀತಿ ಇದ್ದ ಮನುಷ್ಯ. ಸರಪಳಿಯ ಸದ್ದು ಕೇಳಿದಾಗ ನನಗೆ ಅವರ ನೆನಪಾಗುವುದುಂಟು.

ಇನ್ನು ಡಿಸ್ಕ್. ಬೀಚಿನಲ್ಲಿ ಆಡುವ ಫ್ರಿಸ್ಬಿ ಅಲ್ಲ ಇದು. ಚಿಕ್ಕದು, ಭಾರ, ಅಂಚು ಗಟ್ಟಿ. ಮೂರು ಜಾತಿ: ಹತ್ತಿರದಿಂದ ಬುಟ್ಟಿಗೆ ಹಾಕಲು ಪಟ್ಟರ್, ನಡುವಿನ ದೂರಕ್ಕೆ ಮಿಡ್‌ರೇಂಜ್, ದೂರಕ್ಕೆ ಡ್ರೈವರ್. ಅಂಗಡಿಗೆ ಹೋದವರೆಲ್ಲ ಮೊದಲು ಡ್ರೈವರ್ ಎತ್ತಿಕೊಳ್ಳುತ್ತಾರೆ, ದೂರ ಹೋಗುತ್ತದೆ ಅಂತ. ದಯವಿಟ್ಟು ಅದು ಬೇಡ. ಚೂಪು ಅಂಚಿನ ಡ್ರೈವರಿಗೆ ವೇಗ ಬೇಕು, ಆ ವೇಗ ಹೊಸಬರ ಕೈಯಲ್ಲಿ ಇರುವುದಿಲ್ಲ. ವೇಗ ಸಾಲದಿದ್ದರೆ ಅದು ಬೇಗನೆ ಎಡಕ್ಕೆ ಹೊರಳಿ ನೆಲ ಕಚ್ಚುತ್ತದೆ. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಎದೆಗೆ ಅಡ್ಡವಾಗಿ ಕೈ ಎಳೆದು, ಎಸೆದಾಗ ಎಡಕ್ಕೆ, ಎಡಗೈಯವರಿಗೆ ಬಲಕ್ಕೆ. ಎಡಕ್ಕೆ ಅಂದರೆ ಪೊದೆಯೊಳಕ್ಕೆ.

ಹಲವು ಡಿಸ್ಕುಗಳ ಮೇಲೆ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. ಮೊದಲನೆಯದು ವೇಗ, ಎರಡನೆಯದು ಎಷ್ಟು ಹೊತ್ತು ತೇಲುತ್ತದೆ ಅನ್ನುವುದು. ಬಲಗೈಯವರ ಲೆಕ್ಕದಲ್ಲಿ, ಮೂರನೆಯದು ಶುರುವಿನಲ್ಲಿ ಬಲಕ್ಕೆ ಎಷ್ಟು ವಾಲುತ್ತದೆ, ನಾಲ್ಕನೆಯದು ಕೊನೆಯಲ್ಲಿ ಎಡಕ್ಕೆ ಎಷ್ಟು ಬಾಗುತ್ತದೆ. ಕಾಡಿಗೆ ಬೇಕಾದದ್ದು ಮೊದಲ ಅಂಕಿ 4, 5ರ ಹತ್ತಿರ ಇರುವ, ಕೊನೆಯ ಎರಡು ಅಂಕಿ ಸೊನ್ನೆಯ ಆಸುಪಾಸಿನಲ್ಲಿರುವ ಒಂದು ಮಿಡ್‌ರೇಂಜ್. ಜೊತೆಗೊಂದು ಪಟ್ಟರ್. ಸಾಕು. ನಾನು ಮೊದಲ ಎರಡು ವರ್ಷ ಕಾಡಿನಲ್ಲಿ ಇವೆರಡರಲ್ಲೇ ಆಡಿದ್ದು. ಬಣ್ಣದ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿರು, ಕಂದು ಬೇಡ. ಎಲೆ ಉದುರುವ ಕಾಲದಲ್ಲಿ ಕೆಂಪು, ಹಳದಿ, ಕಿತ್ತಳೆ ಕೂಡ ಮಾಯವಾಗುತ್ತವೆ. ತಿಳಿ ನೀಲಿ, ಗಾಢ ಗುಲಾಬಿ ಯಾವಾಗಲೂ ಕಣ್ಣಿಗೆ ಬೀಳುತ್ತವೆ. ಡಿಸ್ಕಿನ ಒಳಮೈಯಲ್ಲಿ ಅಳಿಸದ ಮಾರ್ಕರಿನಿಂದ ಫೋನ್ ನಂಬರ್ ಬರೆಯಿರಿ. ಅಂಗಡಿಯಿಂದ ಬಂದ ದಿನವೇ ಬರೆಯಿರಿ.

ಈಗ ಕಾಡು. ಟೀ ಮೇಲೆ ನಿಂತಾಗ ಬುಟ್ಟಿಯನ್ನು ನೋಡಬೇಡಿ. ಹೆಚ್ಚಿನ ಸಲ ಕಾಣುವುದೂ ಇಲ್ಲ. ನಿಮ್ಮ ಮುಂದೆ ನಲವತ್ತು ಐವತ್ತು ಅಡಿಯಲ್ಲಿರುವ ಮೊದಲ ಎರಡು ಮರಗಳನ್ನು ನೋಡಿ. ಅವುಗಳ ನಡುವಿನ ಸಂದಿಯೇ ನಿಮ್ಮ ಗುರಿ. ಹತ್ತಿರದ ಮರಕ್ಕೆ ಬಡಿದ ಡಿಸ್ಕ್ ಎತ್ತ ಸಿಡಿಯುತ್ತದೋ ಹೇಳಲಾಗದು, ಒಮ್ಮೊಮ್ಮೆ ನಿಮ್ಮ ಬೆನ್ನ ಹಿಂದಕ್ಕೂ ಹೋಗುತ್ತದೆ. ಸಂದಿ ದಾಟಿದರೆ ಸಾಕು, 150 ಅಡಿ ಹೋದರೂ ಫೇರ್‌ವೇಯಲ್ಲಿ, ಅಂದರೆ ಬುಟ್ಟಿಗೆ ಹೋಗುವ ತೆರೆದ ದಾರಿಯಲ್ಲಿ, ಇರುತ್ತೀರಿ. ಅಲ್ಲಿಂದ ಇನ್ನೊಂದು 120 ಅಡಿ, ಆಮೇಲೆ ಪಟ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವ ಎಸೆತ. ಮೂರಕ್ಕೆ ಮುಗಿಯಿತು. ಪಕ್ಕದವರು 300 ಅಡಿ ಎಸೆದು ಕಾಡು ಹೊಕ್ಕು, ಪೊದೆಯಿಂದ ಹೊರಗೆ ಬರಲು ಒಂದು, ಬುಟ್ಟಿ ಹತ್ತಿರ ಬರಲು ಇನ್ನೊಂದು ಎಸೆತ ಹಾಕುತ್ತಾರೆ. ಗುಡ್ಡದ ಕಾಡಿನಲ್ಲಿ ಗೆಲ್ಲುವುದು ನೇರ, ತೋಳಿನ ಬಲ ಅಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ? ಮೊದಲ ತಿಂಗಳಲ್ಲೇ ಹಳಬರ ಜೊತೆ ಸಮವಾಗಿ ನಿಲ್ಲಬಹುದು.

ಓಡಿ ಬಂದು ಎಸೆಯುವುದನ್ನು ಸದ್ಯಕ್ಕೆ ಬಿಡಿ. ನಿಂತಲ್ಲೇ ನಿಂತು, ಎದೆಯ ಮಟ್ಟದಲ್ಲಿ ಡಿಸ್ಕನ್ನು ನೇರ ಗೆರೆಯಲ್ಲಿ ಎಳೆದು, ಮಣಿಕಟ್ಟಿನಿಂದ ಚೆನ್ನಾಗಿ ತಿರುಗಿಸಿ ಬಿಡಿ. ತಿರುಗು ಜಾಸ್ತಿ ಇದ್ದಷ್ಟು ನೆಟ್ಟಗೆ ಹೋಗುತ್ತದೆ. ಕೈ ಮೇಲಕ್ಕೆ ಎತ್ತಿ ಮುಗಿಸಬೇಡಿ, ಡಿಸ್ಕಿನ ಮೂತಿ, ಅಂದರೆ ಮುಂದಿನ ಅಂಚು, ಮೇಲೆದ್ದರೆ ಕೊಂಬೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೂ ಗಾಬರಿ ಬೇಡ. ಅದರ ನೇರ ಕೆಳಗಿನ ನೆಲದಿಂದ ಮುಂದಿನ ಎಸೆತ. ಮರ ಹತ್ತಬೇಡಿ, ಕೊಂಬೆ ಮುರಿಯಬೇಡಿ. ದಾರಿಗೆ ಅಡ್ಡ ಬಂದ ಎಳೆ ಕೊಂಬೆಯನ್ನು ಮುರಿದು ಎಸೆಯುವುದು ನಿಯಮಕ್ಕೂ ವಿರುದ್ಧ, ಆ ಮರಕ್ಕೂ ಅನ್ಯಾಯ.

ಗುಡ್ಡದ ಲೆಕ್ಕ ಬೇರೆಯೇ. ಏರಿನಲ್ಲಿ ಎಲ್ಲರೂ ಆಕಾಶಕ್ಕೆ ಎಸೆಯುತ್ತಾರೆ, ಡಿಸ್ಕ್ ಮೂತಿ ಎತ್ತಿ ನಿಂತು ಎಡಕ್ಕೆ ಜಾರುತ್ತದೆ. ಏರಿನ ಮೈಗೆ ಸಮನಾಗಿ, ನೆಲಕ್ಕೆ ಅಂಟಿಕೊಂಡಂತೆ ಎಸೆಯಿರಿ. ದೂರ ಕಡಿಮೆಯಾಗುತ್ತದೆ, ಆಗಲಿ. ಇಳಿಜಾರಿನಲ್ಲಿ ಇದಕ್ಕೆ ತಿರುಗಾಮುರುಗಾ. ಕೆಳಗೆ ನೆಲ ದೂರವಿರುವುದರಿಂದ ಡಿಸ್ಕ್ ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಕೊನೆಯ ಬಾಗುವಿಕೆಗೆ ಬೇಕಾದಷ್ಟು ಸಮಯ ಸಿಗುತ್ತದೆ. ಬಯಲಿನಲ್ಲಿ ಹತ್ತು ಅಡಿ ಎಡಕ್ಕೆ ಬಾಗುವ ಡಿಸ್ಕ್ ಇಲ್ಲಿ ಐವತ್ತು ಅಡಿ ಹೋಗಬಹುದು. ಹಾಗಾಗಿ ಇಳಿಜಾರಿಗೆ ಪಟ್ಟರ್ ತೆಗೆದುಕೊಳ್ಳಿ, ಮೂತಿ ಕೆಳಗಿರಲಿ, ಮೆಲ್ಲಗೆ ಬಿಡಿ.

ಇಳಿಜಾರಿನ ಅಂಚಿನಲ್ಲಿ ಬುಟ್ಟಿ ಇದ್ದರೆ ಅದೇ ಆ ಹೋಲಿನ ಪರೀಕ್ಷೆ. ನಮ್ಮ ಪಾರ್ಕಿನಲ್ಲಿ ಅಂಥದ್ದು ಒಂದಿದೆ. ಹೋದ ಬೇಸಿಗೆಯಲ್ಲಿ ಹೊಸದಾಗಿ ಬಂದ ದಂಪತಿಯನ್ನು ಕರೆದುಕೊಂಡು ಹೋಗಿದ್ದೆ. ಆ ಹುಡುಗಿ ಮೇಲಿನ ಕಡೆಯಿಂದ ಇಪ್ಪತ್ತೈದು ಅಡಿ ದೂರದಲ್ಲಿದ್ದಳು. ಜೋರಾಗಿ ಎಸೆದಳು, ಡಿಸ್ಕ್ ಬುಟ್ಟಿಯ ಕಂಬಿಗೆ ತಗುಲಿ ನೆಲಕ್ಕೆ ಬಿದ್ದು ಅಂಚಿನ ಮೇಲೆ ಎದ್ದು ನಿಂತಿತು. ಒಂದು ಕ್ಷಣ ಯೋಚಿಸುವಂತೆ ನಿಂತು, ಆಮೇಲೆ ಚಕ್ರದಂತೆ ಉರುಳತೊಡಗಿತು. ಬೇರಿನ ಮೇಲೆ ಹಾರಿತು, ಕಲ್ಲಿನ ಮೇಲೆ ಹಾರಿತು, ತೊರೆಯ ದಡದಲ್ಲಿ ಹೋಗಿ ಮಲಗಿತು. "ಅಕ್ಕಾ, ಅದು ಇನ್ನೂ ಹೋಗ್ತಾನೇ ಇದೆ!" ಅಂತ ಅವಳು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೇಲಿನಿಂದ ಪಟ್ ಮಾಡುವಾಗ ಬುಟ್ಟಿಯ ಪಕ್ಕಕ್ಕೆ ಮೆಲ್ಲಗೆ ಇಳಿಸಿ, ಮುಂದಿನ ಎಸೆತಕ್ಕೆ ಹಾಕಿದರೂ ನಷ್ಟವಿಲ್ಲ. ಕೆಳಗಿನಿಂದ ಮೇಲಕ್ಕೆ ಪಟ್ ಆದರೆ ಧೈರ್ಯ ಮಾಡಿ. ಡಿಸ್ಕ್ ನೆಲದ ಓರೆಗೆ ಸಮನಾಗಿ ಹೊಟ್ಟೆ ಊರಿ ಇಳಿದರೆ ನಿಲ್ಲುತ್ತದೆ, ಅಂಚು ಊರಿದರೆ ಉರುಳುತ್ತದೆ. ಬುಟ್ಟಿಯಿಂದ 10 ಮೀಟರ್ ಒಳಗಿದ್ದರೆ ಎಸೆದ ಮೇಲೆ ಮುಂದಕ್ಕೆ ಬೀಳದೆ ನಿಂತಲ್ಲೇ ನಿಲ್ಲಬೇಕು ಅನ್ನುವ ನಿಯಮವೂ ಇದೆ, ಓರೆ ನೆಲದಲ್ಲಿ ಅದು ಅಷ್ಟು ಸುಲಭವಲ್ಲ. ಕಾಲು ಮೊದಲು ಗಟ್ಟಿ ಮಾಡಿಕೊಳ್ಳಿ.

ಡಿಸ್ಕ್ ಹುಡುಕುವುದೂ ಒಂದು ವಿದ್ಯೆ. ಎಸೆದ ತಕ್ಷಣ ಬೇಜಾರಿನಿಂದ ಮುಖ ತಿರುಗಿಸಬೇಡಿ, ಅದು ಎಲ್ಲಿ ಮರೆಯಾಯಿತು ಅಂತ ಕೊನೆಯ ತನಕ ನೋಡಿ. ಬಿಳಿ ತೊಗಟೆಯ ಮರದ ಎಡಕ್ಕೆ, ಬಿದ್ದ ದಿಮ್ಮಿಯ ಆಚೆ, ಹೀಗೆ ಒಂದು ಗುರುತು ಹಿಡಿದು ನೇರ ಆ ಗುರುತಿಗೇ ನಡೆಯಿರಿ. ಒಬ್ಬರು ಎಸೆಯುವಾಗ ಉಳಿದವರೆಲ್ಲ ನೋಡಬೇಕು. ಒಣ ಎಲೆಯ ಮೇಲೆ ಬಿದ್ದ ಡಿಸ್ಕ್ ಮೇಲೆ ಕೂರುವುದಿಲ್ಲ, ಎಲೆಯ ಕೆಳಗೆ ಜಾರಿಕೊಂಡು ಒಳಗೆ ಹೋಗುತ್ತದೆ. ಸುಮ್ನೆ ನಿಂತು ಕಣ್ಣಾಡಿಸಿದರೆ ಸಿಗದು, ಕಾಲಿನಿಂದ ಎಲೆ ಸರಿಸುತ್ತಾ ಸಾಲಾಗಿ ನಡೆಯಬೇಕು. ಪಂದ್ಯದಲ್ಲಿ ಹುಡುಕಲು 3 ನಿಮಿಷ. ಸಿಗದಿದ್ದರೆ ಒಂದು ಎಸೆತ ದಂಡ, ಮೊದಲು ಎಸೆದ ಜಾಗದಿಂದಲೇ ಮತ್ತೆ. ಗೆಳೆಯರ ಆಟದಲ್ಲಿ ಅಷ್ಟು ಬಿಗಿ ಬೇಡ, ಆದರೆ ಹಿಂದೆ ಯಾರಾದರೂ ಕಾಯುತ್ತಿದ್ದರೆ ಮುಂದೆ ಹೋಗಲು ಬಿಡಿ.

ಮೈಯ ಬಗ್ಗೆ ಎಚ್ಚರ, ಇದನ್ನು ಒತ್ತಿ ಹೇಳುತ್ತೇನೆ. ಪಾಯ್ಸನ್ ಐವಿ ಅನ್ನುವ ಬಳ್ಳಿಯನ್ನು ಮೊದಲ ದಿನವೇ ಗುರುತು ಹಿಡಿಯಲು ಕಲಿಯಿರಿ: ಒಂದು ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ತೊಟ್ಟು ಉದ್ದ. ನೆಲದಲ್ಲೂ ಹರಡುತ್ತದೆ, ಮರಕ್ಕೂ ಹಬ್ಬುತ್ತದೆ. ಪಶ್ಚಿಮ ಕರಾವಳಿಯಲ್ಲಿ ಇದರ ನೆಂಟ ಪಾಯ್ಸನ್ ಓಕ್, ಅದಕ್ಕೂ ಮೂರೇ ಎಲೆ. ಇದರ ಎಣ್ಣೆಯಂಥ ರಸ ತಾಗಿದರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ, ವಾರಗಟ್ಟಲೆ ತುರಿಕೆ. ಡಿಸ್ಕಿಗೆ ಅಂಟಿದ ರಸವೂ ಕೈಗೆ ಬರುತ್ತದೆ. ಮೈಗೆ ತಾಗಿತು ಅನ್ನಿಸಿದರೆ ತಡಮಾಡದೆ ಸೋಪು ಹಾಕಿ ತೊಳೆಯಿರಿ, ಡಿಸ್ಕನ್ನೂ ತೊಳೆಯಿರಿ. ಡಿಸ್ಕ್ ಆ ಬಳ್ಳಿಯ ಮಧ್ಯೆ ಬಿದ್ದರೆ ಅಲ್ಲಿ ನಿಂತು ಎಸೆಯಬೇಕಾಗಿಲ್ಲ. ಒಂದು ಎಸೆತ ದಂಡ ಹಾಕಿಕೊಂಡು ಬುಟ್ಟಿಯಿಂದ ಹಿಂದಕ್ಕೆ ನೇರ ಸರಿದು ಆಡಬಹುದು.

ಇನ್ನೊಂದು, ಟಿಕ್. ನಾಯಿ, ದನದ ಮೈಗೆ ಹತ್ತುವ ಉಣ್ಣೆಯ ಜಾತಿಯ ಹುಳ. ಎಳೆಯದಾದರೆ ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿಕೊಂಡು ಹೆಚ್ಚು ಹೊತ್ತು ಇದ್ದರೆ ಲೈಮ್ ಕಾಯಿಲೆ ತರಬಹುದು. ಉದ್ದ ಪ್ಯಾಂಟ್ ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದ ಎರಡು ಗಂಟೆಯೊಳಗೆ ಸ್ನಾನ ಮಾಡಿ. ಮಂಡಿ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂದೆ, ಕೂದಲೊಳಗೆ ನೋಡಿಕೊಳ್ಳಿ. ಮಕ್ಕಳಿಗೆ ನೀವೇ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬಿಸಿ ತಾಗಿಸುವುದು, ಎಣ್ಣೆ ಹಚ್ಚುವುದು ಬೇಡ. ಆಮೇಲೆ ಜ್ವರ ಅಥವಾ ಹರಡುವ ಕೆಂಪು ಕಲೆ ಬಂದರೆ ಡಾಕ್ಟರ ಬಳಿ ಹೋಗಿ, ಟಿಕ್ ಕಚ್ಚಿತ್ತು ಅಂತ ಹೇಳಿ. ಶೂ ಗಟ್ಟಿ ಹಿಡಿತದ್ದಿರಲಿ. ಮಳೆ ನಿಂತ ಮೇಲೆ ಬೇರುಗಳು ಸೋಪು ಸವರಿದಂತಿರುತ್ತವೆ.

ಪಾರ್ಕ್ ಎಲ್ಲರದ್ದು. ನಡೆಯುವವರು, ನಾಯಿ ಕರೆತಂದವರು, ಮಕ್ಕಳು ಫೇರ್‌ವೇಯನ್ನು ದಾಟುತ್ತಾರೆ. ಅವರು ಪೂರ್ತಿ ದಾಟುವ ತನಕ ಕೈಯಲ್ಲಿ ಡಿಸ್ಕ್ ಹಿಡಿದು ಕಾಯಬೇಕು, ಬೈಯಬಾರದು, ಅವಸರಿಸಬಾರದು. ಗಟ್ಟಿ ಅಂಚಿನ ಡಿಸ್ಕ್ ಹಣೆಗೆ ಬಡಿದರೆ ಹೊಲಿಗೆ ಬೀಳುತ್ತದೆ. ತಿರುವಿನ ಆಚೆ ಕಾಣದಿದ್ದರೆ ಒಬ್ಬರು ಮುಂದೆ ಹೋಗಿ ನೋಡಿ ಕೈ ಎತ್ತಲಿ. ಎಸೆದದ್ದು ಯಾರ ಕಡೆಗಾದರೂ ಹೋಗುತ್ತಿದ್ದರೆ ಹೊಟ್ಟೆಯಿಂದ "ಫೋರ್!" ಅಂತ ಕೂಗಿ. ನಾಚಿಕೆ ಬೇಡ. ನಿಮಗೆ ಆ ಕೂಗು ಕೇಳಿದರೆ ತಲೆ ಎತ್ತಿ ಹುಡುಕಬೇಡಿ, ತಲೆ ಮುಚ್ಚಿಕೊಂಡು ಬಗ್ಗಿ. ಯಾರಾದರೂ ಎಸೆಯುವಾಗ ಮಾತು, ಓಡಾಟ ನಿಲ್ಲಿಸಿ, ಹಿಂದೆ ನಿಲ್ಲಿ. ಬುಟ್ಟಿಯಿಂದ ಹೆಚ್ಚು ದೂರ ಇರುವವರದ್ದು ಮುಂದಿನ ಸರದಿ.

ಜೊತೆಗೆ ಯಾರೂ ಇಲ್ಲ ಅಂತ ಮನೆಯಲ್ಲಿ ಕೂರಬೇಡಿ. ಒಬ್ಬರೇ ಹೋಗಿ. ಮೊದಲ ಟೀ ಹತ್ತಿರ ನಿಂತವರಿಗೆ, ನಾನು ಹೊಸಬ, ನಿಮ್ಮ ಜೊತೆ ಆಡಬಹುದಾ ಅಂತ ಕೇಳಿ. ಇಷ್ಟು ವರ್ಷದಲ್ಲಿ ನನಗೆ ಇಲ್ಲ ಅಂದವರು ಇಬ್ಬರೋ ಮೂವರೋ. ಎರಡು ಮೂರು ಗಂಟೆ ಒಟ್ಟಿಗೆ ನಡೆಯುವಾಗ, ಪೊದೆಯಲ್ಲಿ ಒಬ್ಬರ ಡಿಸ್ಕನ್ನು ಇನ್ನೊಬ್ಬರು ಹುಡುಕುವಾಗ, ಮಾತು ತಾನಾಗಿ ಹುಟ್ಟುತ್ತದೆ. ಇಂಗ್ಲಿಷ್ ಉಚ್ಚಾರದ ಅಂಜಿಕೆ ಬಿಟ್ಟುಹೋದದ್ದು ನನಗೆ ಆಫೀಸಿನಲ್ಲಲ್ಲ, ಈ ಗುಡ್ಡದಲ್ಲಿ.

ಫೋನ್ ನಂಬರ್ ಬರೆಯಿರಿ ಅಂದೆನಲ್ಲ. ಮೂರನೇ ವರ್ಷ ಅಕ್ಟೋಬರಿನಲ್ಲಿ ಏಳನೇ ಹೋಲಿನಲ್ಲಿ ನನ್ನ ನೀಲಿ ಮಿಡ್‌ರೇಂಜ್ ಕಳೆದುಹೋಯಿತು. ಅರ್ಧ ಗಂಟೆ ಹುಡುಕಿ ಬಿಟ್ಟೆ. ಚಳಿಗಾಲ ಕಳೆದು, ಹಿಮ ಕರಗಿದ ಮೇಲೆ, ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜ್ ಬಂತು: ನಿಮ್ಮ ಡಿಸ್ಕ್ ದಿಮ್ಮಿಯ ಕೆಳಗಿತ್ತು, ಮೊದಲ ಟೀ ಹತ್ತಿರದ ನೋಟಿಸ್ ಬೋರ್ಡಿನ ಹಿಂದೆ ಇಟ್ಟಿದ್ದೇನೆ. ಹೋಗಿ ನೋಡಿದರೆ ಇತ್ತು, ಮಣ್ಣು ಒರೆಸಿ ಇಟ್ಟಿದ್ದರು. ಹೊಸಬರು ಯಾರು ಬಂದರೂ ಮೊದಲ ಎಸೆತಕ್ಕೆ ಈಗ ನಾನು ಕೊಡುವುದು ಅದನ್ನೇ.