ಹಳೆಯ ಮಣ್ಣಿನ ಗೋಡೆಗೆ ಸುಣ್ಣವೇ ಸಾಕು

ಧಾರವಾಡದ ಹಳೆಯ ಓಣಿಗಳಲ್ಲಿ ಮಣ್ಣಿನ ಗೋಡೆಯ ಮನೆ ಇರುವವರು ದೀಪಾವಳಿ ಬಂತೆಂದು ಪುಟ್ಟಿ, ಪ್ಲಾಸ್ಟಿಕ್ ಪೇಂಟಿಗೆ ದುಡ್ಡು ಸುರಿಯಬೇಡಿ. ಗೋಡೆಯೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಣ್ಣ ಬೊಬ್ಬೆ ಎದ್ದು ಉದುರುತ್ತದೆ. ಸುಣ್ಣ ಅಗ್ಗ, ಗೋಡೆಯನ್ನು ಉಸಿರಾಡಲೂ ಬಿಡುತ್ತದೆ.

ಮೊದಲು ಹಳೆಯ ಪದರವನ್ನು ಕೆರೆದು ತೆಗೆಯಿರಿ. ಎಣ್ಣೆ ಬಣ್ಣ ಉಳಿದ ಕಡೆ ಸುಣ್ಣ ಹಿಡಿಯುವುದಿಲ್ಲ. ಅರಳಿಸಿದ ಸುಣ್ಣವನ್ನು ಹಾಲಿನಷ್ಟು ತೆಳುವಾಗಿ ಕದಡಿ, ಹಳೆಯ ಧೋತರದಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ. ಗೋಡೆಗೆ ನೀರು ಚಿಮುಕಿಸಿದ ಮೇಲೆಯೇ ಬಳಿಯಬೇಕು. ಹಸಿಯಿದ್ದಾಗ ಏನೂ ಕಾಣುವುದಿಲ್ಲವೆಂದು ದಪ್ಪಗೆ ಮೆತ್ತಿದರೆ ಹಕ್ಕಳೆ ಏಳುತ್ತದೆ. ಒಣಗಿದಂತೆ ಬಿಳುಪು ತಾನೇ ಬರುತ್ತದೆ. ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಚೂರು ನೀಲಿ ಬೆರೆಸಬಹುದು. ಕೆಳಗಿನ ಪಟ್ಟಿಗೆ ಕೆಮ್ಮಣ್ಣು ನನಗಂತೂ ಇಷ್ಟ.

ಸುಣ್ಣ ಸುಡುತ್ತದೆ, ಕನ್ನಡಕ ಮತ್ತು ರಬ್ಬರ್ ಕೈಗವಸು ಇರಲಿ. ಹಂಚು ಸೋರುತ್ತಿದ್ದರೆ ಮಾತ್ರ ಮೊದಲು ಅದನ್ನು ಸರಿಪಡಿಸಿಕೊಳ್ಳಿ.