ಮೋಡೆಮ್‌ನಲ್ಲಿ ಕೆಂಪು ದೀಪ: ನಮ್ಮಲ್ಲಿ ಸರಿಯಾದದ್ದು ಹೀಗೆ

ಮೋಡೆಮ್‌ನ ಎಲ್‌ಒಎಸ್ ದೀಪ (ಸಿಗ್ನಲ್ ಬರುತ್ತಿಲ್ಲ ಎಂದು ತಿಳಿಸುವ ದೀಪ) ಕೆಂಪಗೆ ಮಿಟುಕುತ್ತಿತ್ತು. ಮೊಬೈಲ್‌ನಲ್ಲಿ ವೈಫೈ ಫುಲ್, ಇಂಟರ್‌ನೆಟ್ ಮಾತ್ರ ಇಲ್ಲ. ನಮ್ಮ ಬದಿಯಡ್ಕದ ಕಡೆ ಮಳೆಗಾಲದಲ್ಲಿ ಹೀಗಾದರೆ ಎಲ್ಲರೂ ಹೇಳುವುದು ಒಂದೇ: ಅಡಿಕೆ ಸೋಗೆ ಬಿದ್ದು ಕೇಬಲ್ ತುಂಡಾಗಿರಬೇಕು. ತೋಟಕ್ಕೆ ಇಳಿಯುವ ಮೊದಲು ಮನೆಯೊಳಗೆ ನೋಡಿದೆ. ಕಪಾಟನ್ನು ಗೋಡೆಗೆ ಒತ್ತಿ ಇಟ್ಟಿದ್ದರು, ಹಿಂದೆ ಇಂಟರ್‌ನೆಟ್ ತರುವ ಫೈಬರ್ ಕೇಬಲ್ ಮಡಚಿ ಹೋಗಿತ್ತು.

ಅದರೊಳಗೆ ಇರುವುದು ತಾಮ್ರವಲ್ಲ, ಗಾಜು. ಬೆಳಕು ಸಾಗುವ ನಡುಭಾಗ ಸುಮಾರು 9 ಮೈಕ್ರೋಮೀಟರ್, ಕೂದಲಿಗಿಂತ ಎಷ್ಟೋ ಸಪುರ. ಬೆಳಕು ಒಳಗೊಳಗೇ ಪ್ರತಿಫಲಿಸುತ್ತಾ ಬರುತ್ತದೆ. ಜಾಸ್ತಿ ಬಾಗಿದರೆ ಅಲ್ಲೇ ಸೋರಿಹೋಗುತ್ತದೆ. ಮತ್ತೆ ಮೋಡೆಮ್ ಆಫ್-ಆನ್ ಮಾಡಿ ಏನು ಪ್ರಯೋಜನ, ಅಲ್ವಾ?

ಕಪಾಟು ಸರಿಸಿ, ಕೇಬಲನ್ನು ಅಗಲ ಸುತ್ತಾಗಿ ಬಿಟ್ಟೆ. ಕೆಂಪು ಆರಿತು. ನೀವು ಮೋಡೆಮ್‌ನಿಂದ ಫೈಬರ್‌ನ ಪಿನ್ ಬಿಚ್ಚುವುದಾದರೆ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ; ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್.